ತೆನೆ ದಡಿಯ ಚುಕ್ಕೆ

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಫೋನು ನೋಡುತ್ತಾರೆ. ವಿಭೂತಿ ಹಚ್ಚಿಕೊಳ್ಳುವ ಹೊತ್ತಿಗೆ ಅಂದಿನ ಜ್ಞಾನ ತಲೆಯಲ್ಲಿ ಭರ್ತಿಯಾಗಿರುತ್ತದೆ. ಚಹಾ ಬಂದ ಕೂಡಲೇ ಹಂಚಲು ಶುರು ಮಾಡುತ್ತಾರೆ. ಒಂದು ದಿನ ಅರಿಶಿನ ಎಲ್ಲ ಕಾಯಿಲೆಗೂ ಮದ್ದು, ಇನ್ನೊಂದು ದಿನ ವಿಮಾನ ನಮ್ಮವರೇ ಕಂಡುಹಿಡಿದದ್ದು. ನಾನು ಬೀಳಗಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದವಳು. ಈ ಊರಿನಲ್ಲಿ ಮನೆಯ ಹಿಂದೆಯೂ ಮಗ್ಗ, ಮುಂದೆಯೂ ಮಗ್ಗ. ಅರ್ಧ ಮಾತು ಕೇಳಿಸುತ್ತದೆ, ಅರ್ಧ ಖಟಖಟದಲ್ಲಿ ಹೋಗುತ್ತದೆ. ಹಾಗಾಗಿ ಮೂವತ್ತೈದು ವರ್ಷ ಮನೆಯಲ್ಲಿ ಶಾಂತಿ ಇತ್ತು.

ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದ ಒಂದು ಬೆಳಿಗ್ಗೆ ಮಾತ್ರ ಭಾವನವರ ಮಾತು ಪೂರ್ತಿ ಕೇಳಿಸಿಬಿಟ್ಟಿತು. ಮಡಿಚಿಟ್ಟಿದ್ದ ಹೊಸ ಸೀರೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ಕೇಳಿದರು.

"ತಂಗೀ, ನೀ ಸೈನ್ಸ್ ಕಲಿಸಿದಾಕಿ. ಒಂದ ಮಾತ ಹೇಳು. ಈ ಸೀರಿ ತಾನ ತಾನ ನೇಯ್ಕೊಂಡ ಬಂತು ಅಂದ್ರ ನೀ ನಂಬ್ತೀಯೇನು?"

"ಇಲ್ರಿ ಭಾವಾರ."

"ಸೀರಿಗಿ ಒಬ್ಬ ನೇಕಾರ ಬೇಕು. ಹಂಗಾದ್ರ ನವಿಲಿಗಿ ಬ್ಯಾಡೇನು? ಮನಶ್ಯಾಗ ಬ್ಯಾಡೇನು? ಮಂಗ್ಯಾನಿಂದ ಮನಶ್ಯಾ ಆದ ಅಂತ ನೀವು ಸಾಲ್ಯಾಗ ಹೇಳತೀರಿ. ಹಂಗಾರ ಈಗಿನ ಮಂಗ್ಯಾ ಯಾಕ ಹಂಗ ಕುಂತಾವು?"

ಆ ವಾದ ಬಂದ ದಾರಿಯನ್ನೂ ಫೋನಿನಲ್ಲೇ ತೋರಿಸಿದರು. ಕೋಟು ಹಾಕಿದ ವಿದೇಶಿ ಪಾದ್ರಿಯೊಬ್ಬ ಹುಲ್ಲುಗಾವಲಿನಲ್ಲಿ ಬಿದ್ದ ಕೈಗಡಿಯಾರ ಎತ್ತಿಕೊಂಡು ಏನೋ ಹೇಳುತ್ತಾನೆ. ಅವನ ದನಿ ತೆಗೆದು, ಕನ್ನಡದ ದನಿ ಕೂಡಿಸಿ, ಹಿಂದೆ ತಂಬೂರಿ ನುಡಿಸಿದ್ದಾರೆ. ಗಡಿಯಾರ ತೆಗೆದು ಸೀರೆ ಇಟ್ಟದ್ದು ಭಾವನವರ ಸ್ವಂತ ಕೊಡುಗೆ. ಸೂರತ್ತಿನಿಂದ ಬಂದ ಸೀರೆಗೆ ನಮ್ಮೂರ ಚೀಟಿ ಅಂಟಿಸಿ ಮಾರುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಯಾವುದೋ ದೇಶದ ಚರ್ಚಿನಿಂದ ಹೊರಟ ಮಾಲಿಗೆ ವಿಭೂತಿ ಬಳಿದು ನಮ್ಮ ಪಡಸಾಲೆಯಲ್ಲಿ ತಾವೇ ಮಾರುತ್ತಿದ್ದೇವೆ ಎಂದು ಮಾತ್ರ ಹೊಳೆಯಲಿಲ್ಲ.

ಸೀರೆಯನ್ನೇ ಅವರು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮನೆತನ ನಿಂತಿರುವುದು ಒಂದು ದಡಿಯ ಮೇಲೆ. ಸೀರೆಯ ಅಂಚಿನ ಉದ್ದಕ್ಕೂ ಜೋಳದ ತೆನೆಗಳ ಸಾಲು. ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಅದನ್ನು ತೆನೆ ದಡಿ ಎನ್ನುತ್ತಾರೆ. ಅರವತ್ತು ವರ್ಷದ ಹಿಂದೆ ಅದನ್ನು ಮೊದಲು ನೇಯ್ದದ್ದು ನಮ್ಮ ಮನೆಯ, ನೆಲದ ತಗ್ಗಿಗೆ ಇಳಿದು ಕೂತು ನೇಯುವ ಕುಣಿಮಗ್ಗದಲ್ಲಿ. ಈಗ ಓಣಿಗೊಬ್ಬರು ನೇಯುತ್ತಾರೆ. ಆದರೂ ಮೂಲ ನಮ್ಮದೇ ಎಂದು ಎಲ್ಲರೂ ಒಪ್ಪುತ್ತಾರೆ. ಮಾವನವರು ತೀರಿಕೊಂಡು ಬಹಳ ವರ್ಷವಾಯಿತು. ಪಡಸಾಲೆಯಲ್ಲಿ ಅವರ ದೊಡ್ಡ ಫೋಟೋ ಇದೆ. ಅದರ ಕೆಳಗೆ "ತೆನೆ ದಡಿಯ ಜನಕರು" ಎಂದು ಭಾವ ಬರೆಸಿ ಅಂಟಿಸಿದ್ದಾರೆ. ಮಾವನವರಿಗೆ ಒಂದು ಮುಂಜಾನೆ ಪೂಜೆಗೆ ಕೂತಾಗ ಕಣ್ಣ ಮುಂದೆ ತೆನೆ ಬಂದು ನಿಂತಿತಂತೆ. ಎದ್ದವರೇ ಮಗ್ಗಕ್ಕೆ ಇಳಿದರಂತೆ. ಮನೆಗೆ ಬಂದ ಪ್ರತಿ ವ್ಯಾಪಾರಿಗೂ ಭಾವ ಈ ಕಥೆ ಹೇಳಿದ್ದಾರೆ. ಹೇಳುವಾಗ ಅವರ ಕಣ್ಣು ಖರೇನೇ ಒದ್ದೆಯಾಗುತ್ತದೆ.

ಆ ತೆನೆಯಲ್ಲಿ ಎರಡು ವಿಚಿತ್ರಗಳಿವೆ. ದಂಟಿನ ನಡುವೆ ಒಂದು ಚುಕ್ಕೆ. ಬುಡದಲ್ಲಿ ಮೂರು ಗೆರೆ. ಜೋಳದ ದಂಟಿನ ನಡುವೆ ಚುಕ್ಕೆ ಇರುವುದನ್ನು ಬೀಳಗಿಯ ನಮ್ಮಪ್ಪನ ಹೊಲದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ಚುಕ್ಕೆ ಎಂದರೆ ದೃಷ್ಟಿಬೊಟ್ಟು, ಗೆರೆ ಎಂದರೆ ತ್ರಿಶೂಲ ಎಂದು ಭಾವ ವಿವರಿಸಿದ್ದರು. "ನಮ್ಮಪ್ಪ ಸುಮ್ಮ ಸುಮ್ಮಕ ಒಂದ ಎಳಿ ಹಾಕಿದಾವಲ್ಲ" ಎಂದಿದ್ದರು. ಅತ್ತೆ ಆಗ ಅಲ್ಲೇ ಕೂತು ಅವರೇಕಾಯಿ ಸುಲಿಯುತ್ತಿದ್ದರು.

ಅತ್ತೆಗೆ ಈಗ ಎಂಬತ್ತರ ಹತ್ತಿರ. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ ಇದೆ. ಹರೆಯದಲ್ಲಿ ಹೊಸ್ತಿಲು ಎಡವಿ ಬಿದ್ದದ್ದು ಎನ್ನುತ್ತಾರೆ. ದಿನವೂ ಲಿಂಗಪೂಜೆ ಮಾಡುತ್ತಾರೆ, ಲಿಂಗಯ್ಯನ ಹತ್ತಿರ ಯಾವತ್ತೂ ಸಾಕ್ಷಿ ಕೇಳಿದವರಲ್ಲ. ಪೂಜೆ ಮುಗಿಸಿ ಪಡಸಾಲೆಯ ಮೂಲೆಯಲ್ಲಿ ಹಳೆಯ ಬಟ್ಟೆಯಿಂದ ತಾವೇ ಹೊಲಿದ ಕೌದಿಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಅದೇ ಅವರ ಜಾಗ.

ಅದೇ ಪಡಸಾಲೆಯಲ್ಲಿ ನಾನು ರವಿವಾರ ಪಾಠ ಮಾಡುತ್ತೇನೆ. ಚಿಮ್ಮಡದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಕೈ ಸುಮ್ಮನಿರಲಿಲ್ಲ. ಓಣಿಯ ಹತ್ತನೇ ತರಗತಿಯ ಹುಡುಗ ಹುಡುಗಿಯರು ಬರುತ್ತಾರೆ, ಫೀಜು ಇಲ್ಲ. ಅವರ ಮನೆಗಳಲ್ಲಿ ಮಗ್ಗದ ಸದ್ದಿಗೆ ಓದಲು ಆಗುವುದಿಲ್ಲ. ನಮ್ಮ ಪಡಸಾಲೆಯ ಗೋಡೆ ದಪ್ಪ. ಈ ವಯಸ್ಸಿನಲ್ಲಿ ನಾನು ನಾನಾಗಿ ಇರುವುದು ವಾರಕ್ಕೆ ಆ ಮೂರು ತಾಸು ಮಾತ್ರ. ಅದು ಹೋದರೆ ನನಗೆ ಉಳಿಯುವುದು ಚಹಾ ಸೋಸುವ ಕೆಲಸ.

ನಾನು ಶೂರಳೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜೀವಿಗಳ ವಿಕಾಸದ ಪಾಠ ಪುಸ್ತಕದಲ್ಲಿದ್ದ ಅಷ್ಟೂ ವರ್ಷ ನಾನು ಅದನ್ನು ಕೆಮ್ಮುತ್ತ ಕೆಮ್ಮುತ್ತ ಮಾಡಿದವಳು. "ಪರೀಕ್ಷಾಕ ಬರತೈತಿ, ಬರಕೋರಿ, ಮನಿಗಿ ಹೋಗಿ ಯಾರ ಮುಂದೂ ವಾದ ಮಾಡಬ್ಯಾಡ್ರಿ" ಎಂದು ಬರೆಸಿ ಮುಗಿಸುತ್ತಿದ್ದೆ. ಯಾವ ಪಾಲಕರೂ ಶಾಲೆಗೆ ಬರದಿರಲಿ ಎಂಬುದೊಂದೇ ನನ್ನ ವಿಜ್ಞಾನವಾಗಿತ್ತು. ಆಮೇಲೆ ಹತ್ತನೇ ತರಗತಿಯ ಪುಸ್ತಕದಿಂದ ಆ ಭಾಗವನ್ನೇ ಕಿತ್ತುಹಾಕಿದರು. ಮಕ್ಕಳಿಗೆ ಹೊರೆ ಆಗುತ್ತದಂತೆ. ಬೇಡವಾದದ್ದು ಕಾಲಕ್ರಮದಲ್ಲಿ ಉದುರಿಹೋಗುತ್ತದೆ ಎಂದು ಹೇಳುವ ಪಾಠವೇ ಉದುರಿಹೋಯಿತು. ಪುಸ್ತಕದಲ್ಲಿದ್ದಾಗ ಹೆದರುತ್ತಿದ್ದ ನನಗೆ ಅದು ಇಲ್ಲವಾದ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟನ್ನೇ ಧೈರ್ಯ ಅಂದುಕೊಂಡೆ.

ಒಂದು ರವಿವಾರ ಟ್ರಂಕಿನಿಂದ ನಮ್ಮ ಮನೆಯ ಹಳೆಯ ತೆನೆ ದಡಿ ಸೀರೆಗಳನ್ನೆಲ್ಲ ತೆಗೆದು ಪಡಸಾಲೆಯಲ್ಲಿ ಹಾಸಿದೆ. ನನ್ನ ಮದುವೆಯದು, ನಾದಿನಿಯ ಮದುವೆಯದು, ಓಣಿಯ ಬೇರೆ ಮಗ್ಗಗಳಲ್ಲಿ ನೇಯ್ದದ್ದು, ಮೊನ್ನೆ ಮೊನ್ನೆ ಬಂದದ್ದು. "ಹಳೀದರಿಂದ ಹೊಸಾದ್ರ ತನಕಾ ಸಾಲಾಗಿ ಇಡ್ರಿ" ಎಂದೆ. ನೇಕಾರರ ಮಕ್ಕಳು, ಐದು ನಿಮಿಷದಲ್ಲಿ ಇಟ್ಟರು. ಹಳೆಯವುಗಳಲ್ಲಿ ಚುಕ್ಕೆ ದುಂಡಗೆ ಇತ್ತು. ಒಂದು ಮಗ್ಗದವರು ನಕಲು ಮಾಡುವಾಗ ಅದು ಚೌಕವಾಗಿತ್ತು, ಅವರಿಂದ ನಕಲು ಮಾಡಿದವರೆಲ್ಲರ ಸೀರೆಯಲ್ಲೂ ಚೌಕವೇ. ಇನ್ನೊಂದು ಕಡೆ ಅದು ಎರಡಾಗಿತ್ತು. ಹೊಸದೊಂದರಲ್ಲಿ ಚುಕ್ಕೆಯೇ ಇರಲಿಲ್ಲ, ಮೂರು ಗೆರೆ ಹೋಗಿ ಬುಡ ಬೋಳಾಗಿತ್ತು. ಯಾರೂ ಕೂತು ಯೋಚಿಸಿ ಹೀಗೆ ಮಾಡಲಿಲ್ಲ. ನಕಲು ಮಾಡುವಾಗ ಮಗ್ಗದ ರಟ್ಟಿನ ಕಾರ್ಡಿನಲ್ಲಿ ಒಂದು ತೂತು ಆಚೀಚೆ ಆಯಿತು, ಅಂಗಡಿಯಲ್ಲಿ ಹೆಂಗಸರು ಒಂದನ್ನು ಆರಿಸಿದರು, ಇನ್ನೊಂದನ್ನು ಬಿಟ್ಟರು, ಆರಿಸಿದ್ದು ಮತ್ತೆ ನಕಲಾಯಿತು. ಜೀವಿಗಳ ಕಥೆಯೂ ಇಷ್ಟೇ, ಅಲ್ಲಿ ಅಂಗಡಿ ದೊಡ್ಡದು, ಕಾಲ ಬಹಳ ಎಂದು ಹೇಳಿದೆ. ಮೂವತ್ತು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಚಲೋ ಪಾಠ ಅದು. ಹುಡುಗರು ಅಂದು ಮನೆಗೆ ಹೋಗಿ ವಾದ ಮಾಡಿದರು.

ಸಂಜೆಯೊಳಗೆ ಸುದ್ದಿ ಭಾವನವರಿಗೆ ಮುಟ್ಟಿತು. ಸಾಮಾನ್ಯವಾಗಿ ನನ್ನನ್ನು ತಂಗಿ ಎನ್ನುವವರು, ಸಿಟ್ಟು ಬಂದರೆ ಅಕ್ಕೋರ ಎಂದು ಶುರು ಮಾಡುತ್ತಾರೆ. ನಮ್ಮ ಕಡೆ ಶಾಲೆಯ ಮಾಸ್ತರತಿಯನ್ನು ಕರೆಯುವ ಹೆಸರು ಅದು.

"ಅಕ್ಕೋರ, ಪಡಸಾಲ್ಯಾಗ ನಮ್ಮಪ್ಪನ ಫೋಟೋ ಐತಿ. ಅದರ ಬುಡಕ ಕುಂತು, ಅವನ ಸೀರಿ ಹಾಸಿ, ಮಾಡಿದಾವ ಯಾರೂ ಇಲ್ಲ ಅಂತ ಹೇಳೂದು ನಡ್ಯಂಗಿಲ್ರಿ."

"ಮಾಡಿದಾವ ಇಲ್ಲ ಅಂದಿಲ್ರಿ. ಹೆಂಗ ಬದಲಾತು ಅಂತ ತೋರಿಸೇನಿ."

"ಬದಲಾದದ್ದು ಕೆಟ್ಟದ್ದು. ಮೂಲ ಅನ್ನೂದು ನಮ್ಮಪ್ಪ ಪೂರಾ ತಯಾರ ಮಾಡಿ ಇಟ್ಟಿದ್ದ. ಹಂಗ ದೇವ್ರೂ. ಮುಂದಿನ ರವಿವಾರ ಹೆಡ್‌ಮಾಸ್ತರನ ಕರಸ್ತೇನಿ. ಅವರ ಮುಂದ ನೀವು ಉತ್ತರಾ ಕೊಡ್ರಿ. ಕೊಡಾಕ ಆಗಲಿಲ್ಲಂದ್ರ ಪಡಸಾಲ್ಯಾಗ ನೂಲಿನ ಗಂಟು ಇಡಸ್ತೇನಿ. ಪಾಠ ಸಾಕು."

ನನ್ನ ಗಂಡ ಪೇಪರಿನ ಹಿಂದೆ ಇದ್ದರು. ಇಂಥ ಸಂದರ್ಭಗಳಲ್ಲಿ ಪೇಪರು ಎಷ್ಟು ದೊಡ್ಡದಿದ್ದರೂ ಅವರಿಗೆ ಸಾಲುವುದಿಲ್ಲ.

ನಗು ಬರುವ ಮಾತೆಂದರೆ, ಆ ವಾರದ ನಡುವೆಯೇ ಭಾವ ನಾಯಿಮರಿ ತರಲು ಮುಧೋಳಕ್ಕೆ ಹೋದರು. ಮರಿಯ ತಾಯಿ ಯಾವುದು, ತಂದೆ ಯಾವುದು, ಅಜ್ಜ ಎಷ್ಟು ಓಡುತ್ತಿತ್ತು ಎಂದು ಅರ್ಧ ದಿನ ವಿಚಾರಿಸಿದರು. ಸೊಂಟ ಸಣ್ಣಗಿರುವುದನ್ನು, ಮೂತಿ ಉದ್ದ ಇರುವುದನ್ನು ಆರಿಸಿದರು. ಮನೆಗೆ ಬಂದು, ತಲೆಮಾರು ತಲೆಮಾರು ಹೀಗೆ ಆರಿಸಿ ಆರಿಸಿಯೇ ಈ ತಳಿ ನಿಂತದ್ದು ಎಂದು ತಾವೇ ಹೇಳಿದರು. ಹೇಳಿ ಮುಗಿಸಿ, ದೇವರು ಮಾಡಿದ ಪ್ರಾಣಿ ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ ಎಂದರು. ನಾನು ಮರಿಯ ಮುಖ ನೋಡಿದೆ, ಮರಿ ನನ್ನ ಮುಖ ನೋಡಿತು. ಅದೇ ತಿಂಗಳು ಅವರ ಬುದ್ಧಿಹಲ್ಲಿಗೆ ಜಾಗ ಸಾಲದೆ ಜಮಖಂಡಿಯಲ್ಲಿ ಕೀಳಿಸಿದ್ದರು. ದವಡೆ ಮಾಡಿದವನಿಗೆ ಅಳತೆ ಯಾಕೆ ತಪ್ಪಿತು ಎಂದು ಕೇಳಬೇಕು ಎನ್ನಿಸಿತು. ಬಾವು ಇನ್ನೂ ಇಳಿದಿರಲಿಲ್ಲ, ಬಿಟ್ಟೆ.

ಆದರೆ ಮೊದಲ ತೆನೆ ಎಲ್ಲಿಂದ ಬಂತು ಎಂಬುದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಟ್ರಂಕಿನಲ್ಲಿದ್ದ ಅತಿ ಹಳೆಯ ಸೀರೆಯಲ್ಲೂ ತೆನೆ ಪೂರ್ತಿ ತೆನೆಯಾಗಿಯೇ ಇತ್ತು. ಹಳೆಯ ಮಗ್ಗದ ಕಾರ್ಡುಗಳು ಸಿಕ್ಕರೆ ಏನಾದರೂ ತಿಳಿದೀತು ಎಂದು ಹುಡುಕಿದೆ. ಮಗ್ಗದ ಮೇಲೆ ಜಕಾರ್ಡು ಎಂಬ ಯಂತ್ರ ಇರುತ್ತದೆ. ತೂತು ಕೊರೆದ ರಟ್ಟಿನ ಕಾರ್ಡುಗಳನ್ನು ದಾರದಿಂದ ಮಾಲೆಯ ಹಾಗೆ ಹೊಲಿದು ಅದಕ್ಕೆ ಏರಿಸುತ್ತಾರೆ. ಒಂದೊಂದು ಕಾರ್ಡು ಒಂದೊಂದು ಎಳೆಯ ಲೆಕ್ಕ. ಯಾವ ಕಾರ್ಡಿನ ಹಿಂದೆ ಯಾವುದು ಎಂಬುದರ ಮೇಲೆ ಚಿತ್ರ ಮೂಡುತ್ತದೆ. ಆ ಕಾರ್ಡುಗಳು ಯಾವಾಗಲೋ ನೀರುಕಾಯಿಸುವ ಒಲೆಗೆ ಹೋಗಿದ್ದವು.

ಅತ್ತೆ ಮೂಲೆಯಲ್ಲಿ ಕೂತು ನನ್ನ ಹುಡುಕಾಟ ನೋಡುತ್ತಿದ್ದರು.

"ಏನ ಹುಡಕಾಕತ್ತಿ?"

"ಮೊದಲನೇ ಸೀರಿರಿ ಅತ್ತಿ. ಮಾವಾರು ಮೊದಲು ನೇಯ್ದದ್ದು."

"ಅದು ಸಿಗದಿದ್ರ ಏನಾಕ್ಕೈತಿ?"

"ಪಡಸಾಲಿ ಹೋಗತೈತ್ರಿ. ಹುಡುಗರ ಪಾಠ ಬಂದ್ ಆಕ್ಕೈತಿ."

ಅವರು ಹುಬ್ಬಿನ ಮೇಲಿನ ಗೆರೆಯನ್ನು ಬೆರಳಿನಿಂದ ಸವರಿಕೊಂಡರು. ಏನೋ ಹೇಳುತ್ತಾರೆ ಅಂದುಕೊಂಡೆ. "ರೊಟ್ಟಿ ಬಡೀಬೇಕಲ್ಲ, ಹೊತ್ತಾತು" ಎಂದರು.

ರವಿವಾರ ನಿವೃತ್ತ ಹೆಡ್‌ಮಾಸ್ತರರು ಬಂದರು. ರಬಕವಿಯವರು, ಒಂದು ಕಾಲಕ್ಕೆ ಗಣಿತ ಕಲಿಸಿದವರು, ಈಗ ಭಾವನವರ ಫೋನಿಗೆ ಜ್ಞಾನ ಕಳಿಸುವವರು. ಹುಡುಗರು ಒಂದು ಕಡೆ ಕೂತರು. ಭಾವನವರ ಇಬ್ಬರು ಮೂವರು ವ್ಯಾಪಾರಿ ಗೆಳೆಯರು ಕುರ್ಚಿ ಹಿಡಿದರು. ಮಾವನವರ ಫೋಟೋಕ್ಕೆ ಹೊಸ ಮಾಲೆ ಬಿದ್ದಿತ್ತು. ಹೆಡ್‌ಮಾಸ್ತರರು ಕಣ್ಣಿನ ವಿಷಯ ಎತ್ತಿಕೊಂಡರು. ಕಣ್ಣಿನಂಥ ಪರಿಪೂರ್ಣ ವಸ್ತು ತಾನಾಗಿ ಆಗಲು ಸಾಧ್ಯವಿಲ್ಲ ಎಂದು ಹೇಳಲು ಮೊದಲು ತಮ್ಮ ದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಅರ್ಧ ಕಣ್ಣು ಯಾವ ಉಪಯೋಗಕ್ಕರಿ? ಇದ್ರ ಪೂರ್ತಿ ಇರಬೇಕು, ಇಲ್ಲಂದ್ರ ಇರಬಾರ್ದು" ಎಂದರು.

ಅವರ ಒಂದು ಕಣ್ಣಿನ ಪೊರೆ ತೆಗೆದು ಹದಿನೈದು ದಿನವಾಗಿತ್ತು, ಇನ್ನೊಂದರದು ಬಾಕಿ ಇತ್ತು. ಆ ಅರ್ಧ ದೃಷ್ಟಿಯಲ್ಲೇ ರಬಕವಿಯಿಂದ ಸ್ಕೂಟರು ಹೊಡೆದುಕೊಂಡು ನಮ್ಮ ಮನೆ ಮುಟ್ಟಿದ್ದರು. ಅದನ್ನು ನಾನು ಆದಷ್ಟು ಮರ್ಯಾದೆಯಿಂದ ನೆನಪಿಸಿದೆ. ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ತರರು ಕನ್ನಡಕ ಏರಿಸಿಕೊಂಡು ಸೀರೆಯ ಕಡೆ ಹೊರಳಿದರು.

"ಸರಿ ಅಕ್ಕೋರ. ಸೀರಿ ಬದಲಾಗಿ ಬದಲಾಗಿ ಬಂದೈತಿ ಅಂತೀರಿ. ಈ ತೆನಿ, ತೆನಿ ಆಗೂಕಿಂತ ಮೊದಲ ಏನಿತ್ತು? ಅರ್ಧ ಬ್ಯಾರೆ, ಅರ್ಧ ತೆನಿ ಇದ್ದ ಒಂದ ಸೀರಿ ತೋರಸ್ರಿ. ನಡುವಿನ ಕೊಂಡಿ ಎಲ್ಲೈತ್ರಿ?"

ಭಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಮೂವತ್ತು ವರ್ಷದ ಹಳೆಯ ಕೆಮ್ಮು ಸರಿಯಾದ ಹೊತ್ತಿಗೆ ವಾಪಸು ಬಂದಿತ್ತು. ಅಂಥ ಸೀರೆ ನನ್ನ ಹತ್ತಿರ ಇಲ್ಲ ಎಂದು ಒಪ್ಪಿಕೊಂಡೆ. ಇಲ್ಲದ್ದನ್ನು ಇದೆ ಎನ್ನಲು ನನಗೆ ಬರುವುದಿಲ್ಲ, ಆ ವಿದ್ಯೆ ಫೋನಿನವರದು. ಭಾವ ಆಗಲೇ ತಮ್ಮ ಮಗ್ಗದ ಮನುಷ್ಯನಿಗೆ ಫೋನು ಹಚ್ಚಿ, ನೂಲಿನ ಗಂಟು ಎಷ್ಟು ಹೊತ್ತಿಗೆ ತರುತ್ತೀ ಎಂದು ಕೇಳುತ್ತಿದ್ದರು.

"ಕತ್ತರಿ ಕೊಡು" ಎಂದರು ಅತ್ತೆ.

ಯಾಕೆ ಎಂದು ಕೇಳದೆ ಕೊಟ್ಟೆ. ಅವರು ತಾವು ಕೂತಿದ್ದ ಕೌದಿಯಿಂದ ಸರಿದು, ಅದರ ಒಂದು ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದರು. ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮಗ್ಗದಲ್ಲಿ ಕೆಟ್ಟ ಸೀರೆಯನ್ನು ಅಂಗಡಿಗೆ ಕೊಡುವುದಿಲ್ಲ. ಅದನ್ನು ಮನೆಯ ಹೆಂಗಸರು ಉಡುತ್ತಾರೆ. ಉಟ್ಟು ಉಟ್ಟು ಹರಿದ ಮೇಲೆ ಕೌದಿಯ ಹೊಟ್ಟೆಗೆ ಹೋಗುತ್ತದೆ. ಮೇಲಿನ ಪದರ ಇತ್ತೀಚಿನದು. ಅದರ ಕೆಳಗೆ ನಾದಿನಿಯ ಕಾಲದ್ದು, ಅದರ ಕೆಳಗೆ ನಾನು ಮದುವೆಯಾಗಿ ಬಂದಾಗ ಅವರು ಉಡುತ್ತಿದ್ದದ್ದು. ಹುಡುಗರಿಗೆ ಬಂಡೆಯ ಪದರಗಳ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದ ನಾನು, ಆ ಪದರಗಳ ಮೇಲೆ ಅತ್ತೆ ದಿನಾ ಕೂತಿರುವುದನ್ನು ನೋಡಿರಲಿಲ್ಲ. ನಾಚಿಕೆಯಾಯಿತು.

ಎಲ್ಲಕ್ಕಿಂತ ಕೆಳಗಿನದು ಕೆಂಪು ಮಾಸಿ ಇಟ್ಟಂಗಿ ಬಣ್ಣಕ್ಕೆ ಬಂದ ಹತ್ತಿಯ ಸೀರೆ. ಅವರು ಅದರ ದಡಿಯನ್ನು ಅಗಲಿಸಿ ನನ್ನ ಕೈಗೆ ಕೊಟ್ಟರು. ದಡಿಯಲ್ಲಿ ನವಿಲುಗಳ ಸಾಲು. ಗರಿ ಇಳಿಬಿಟ್ಟು ನಿಂತ ನವಿಲು, ದುಂಡಗಿನ ಕಣ್ಣು, ಮೂರು ಬೆರಳಿನ ಪಾದ. ಒಂದು ಗೇಣು, ಎರಡು ಗೇಣು, ಎಲ್ಲ ನವಿಲೇ. ಆಮೇಲೆ ಒಂದು ಕಡೆ ನೇಯ್ಗೆ ಎಡವಿತ್ತು. ಅಲ್ಲಿಂದ ಮುಂದೆ ನವಿಲಿನ ಗರಿಯ ಗೊಂಚಲು ಮೇಲಕ್ಕೆ ಹೋಗಿತ್ತು, ಕೊರಳು ಕೆಳಗೆ ಬಂದು ದಂಟಾಗಿತ್ತು. ದಂಟಿನ ನಡುವೆ ಕಣ್ಣು, ಬುಡದಲ್ಲಿ ಮೂರು ಬೆರಳು. ಭಾವನವರ ದೃಷ್ಟಿಬೊಟ್ಟು ಮತ್ತು ತ್ರಿಶೂಲ. ಇನ್ನೊಂದು ಗೇಣು ಮುಂದೆ ಹೋದರೆ ನಮ್ಮ ಮನೆತನದ ತೆನೆ ದಡಿ, ಈಗ ಜಮಖಂಡಿಯ ಅಂಗಡಿಯಲ್ಲಿ ಸಿಗುವಂಥದ್ದೇ.

ಹೆಡ್‌ಮಾಸ್ತರರು ಎದ್ದು ಬಂದು ಸೀರೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಚಿಕಿತ್ಸೆಯಾದ ಕಣ್ಣನ್ನೇ ಮುಂದೆ ಮಾಡಿದ್ದರು.

"ಯವ್ವಾ, ಇದು ಯಾರ ನೇಯ್ದದ್ದು?" ಎಂದು ಭಾವ ಕೇಳಿದರು.

"ನಾ."

ಅತ್ತೆ ಹೇಳಿದ್ದು ಬಹಳವಿರಲಿಲ್ಲ. "ನಿಮ್ಮಪ್ಪ ನೂಲು ತರಾಕ ಜಮಖಂಡಿಗಿ ಹೋಗಿದ್ದ. ಮರುದಿನ ಸೀರಿ ಕೊಡೂದಿತ್ತು. ಅವ ಬರೂದ್ರಾಗ ಮುಗಸಿದ್ರ ಖುಷಿ ಆಕ್ಕಾನ ಅಂತ ನಾ ಮಗ್ಗಕ್ಕ ಇಳದೆ. ನಡುವ ಕಾರ್ಡಿನ ದಾರಾ ಹರದು ಎಲ್ಲಾ ಕೆಳಗ ಬಿದ್ದುವು. ಅದರ ಮ್ಯಾಲ ನಂಬರ ಬರದಿತ್ತು. ನನಗ ಎಲ್ಲಿ ಓದಾಕ ಬರತಿತ್ತು. ಕೈಗಿ ಬಂದಂಗ ಹೊಲದೆ, ಮತ್ತ ನೇಯ್ದೆ. ದಡಿ ಹೊರಳಿ ನೋಡೂದ್ರಾಗ ನವಿಲು ಹೋಗಿತ್ತು."

"ಮತ್ತ ಅಪ್ಪ?"

"ಅಪ್ಪ ಬಂದಾ. ನೋಡಿದಾ. ಕೈಯಾಗ ಲಾಳಿ ಇತ್ತು." ಅತ್ತೆಯ ಬೆರಳು ಹುಬ್ಬಿನ ಮೇಲೆ ಹೋಯಿತು. ಎಳೆ ಹಾಯಿಸುವ ಲಾಳಿಯ ತುದಿಗೆ ಕಬ್ಬಿಣದ ಮೊಳೆ ಇರುತ್ತದೆ ಎಂದು ಅಲ್ಲಿ ಕೂತಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. "ಕೆಟ್ಟ ಸೀರಿ ನಾನ ಉಟ್ಟೆ. ಚಿಮ್ಮಡದಾಗ ನನ್ನ ತಂಗಿ ಮದುವಿಗೂ ಅದನ್ನ ಉಟ್ಕೊಂಡ ಹೋದೆ, ಬ್ಯಾರೆ ಇರಲಿಲ್ಲ. ಅಲ್ಲಿ ಬಂದ ಹೆಣ್ಣಮಕ್ಕಳು ದಡಿ ಹಿಡದು ಹಿಡದು ನೋಡಿದ್ರು. ನವಿಲ ಬ್ಯಾಡ, ನವಿಲು ಎಲ್ಲಾರ ಕಡೆ ಐತಿ, ಆ ತೆನಿ ಎಲ್ಲಿ ಸಿಗತೈತಿ ಅಂದ್ರು. ನಿಮ್ಮಪ್ಪ ಕೇಳಸ್ಕೊಂಡಾ. ಮನಿಗಿ ಬಂದು ಮೂಲ್ಯಾಗ ಒಗದಿದ್ದ ಕಾರ್ಡ್ ಮತ್ತ ಮಗ್ಗಕ್ಕ ಏರಿಸಿದಾ. ಮುಂದ ಅವಂಗ ಪೂಜಾದಾಗ ತೆನಿ ಕಂಡಿತಂತ. ನಾ ಇಲ್ಲ ಅನ್ನಲಿಲ್ಲ."

ನನಗೆ ಅವತ್ತು ಗೆದ್ದೆ ಎಂದು ಅನ್ನಿಸಬೇಕಿತ್ತು. ಮೂವತ್ತೈದು ವರ್ಷ ಅದೇ ಮನೆಯಲ್ಲಿದ್ದು, ಚುಕ್ಕೆಯ ಬಗ್ಗೆ ಸಾವಿರ ಸಲ ಯೋಚಿಸಿದ ನಾನು, ಆ ಹುಬ್ಬಿನ ಗೆರೆಯ ಬಗ್ಗೆ ಒಂದು ಸಲವೂ ಮತ್ತೆ ಕೇಳಿರಲಿಲ್ಲ. ಹೊಸ್ತಿಲಿನ ಕಥೆಯನ್ನು, ಭಾವ ಫೋನನ್ನು ನಂಬುವ ಹಾಗೆಯೇ, ಸಲೀಸಾಗಿ ನಂಬಿದ್ದೆ.

ಆದರೆ ಭಾವನವರ ತಾಕತ್ತನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಅವರು ನೆಲ ನೋಡಿದರು, ಫೋಟೋ ನೋಡಿದರು. ಮೊದಲು ಮುಖ ಇಳಿಯಿತು, ಆಮೇಲೆ ನಿಧಾನವಾಗಿ ಏರಿತು. ಪರಿಸ್ಥಿತಿ ಬದಲಾದಾಗ ಬದುಕಲು ಬೇಕಾದ ಹಾಗೆ ಜೀವಿ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ನೋಡ್ರಿ, ಇದರಾಗ ಏನೈತಿ," ಎಂದರು ಗೆಳೆಯರ ಕಡೆ ತಿರುಗಿ. "ಕಾರ್ಡ್ ಸುಮ್ಮನ ಬೀಳತಾವೇನು? ಅವ್ವನ ಕೈ ತಪ್ಪಿಸಿದಾವ ಯಾರು? ಮ್ಯಾಲಿನ ದೇವ್ರು. ಅಂವ ಮನಸ್ಸು ಮಾಡಿದ್ದಕ್ಕ ತಪ್ಪಾತು, ತಪ್ಪಾದದ್ದಕ್ಕ ತೆನಿ ಬಂತು. ಎಲ್ಲಾ ಅವನ ಯೋಜನಾ."

ಹೆಡ್‌ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. "ಅದನ್ನ ನಾನೂ ಹೇಳಾಕತ್ತಿದ್ದೆ" ಎಂದರು. ಗೆಳೆಯರು ತಲೆಯಾಡಿಸಿದರು. ಭಾವನವರಿಗೆ ಎಷ್ಟು ಸಮಾಧಾನವಾಯಿತೆಂದರೆ ಉದಾರರೂ ಆದರು. ಫೋನು ತೆಗೆದು ನೂಲಿನ ಗಂಟು ಬೇಡವೆಂದರು. ನನ್ನನ್ನು ಮತ್ತೆ ತಂಗಿ ಎಂದು ಕರೆದರು.

"ತಂಗೀ, ಪಡಸಾಲ್ಯಾಗ ಪಾಠ ಮಾಡವಾ, ನಾ ಬ್ಯಾಡ ಅನ್ನೂದಿಲ್ಲ. ಈ ಸೀರೀನೂ ತೋರಸು. ಆದ್ರ ಪ್ರತಿ ಸಲ ಕಡೀಕ ಇಷ್ಟು ಹೇಳಬೇಕು. ಕೈ ತಪ್ಪಿಸಿದಾವ ಮ್ಯಾಲಿದ್ದಾನ. ಒಪ್ಪಿಗಿ?"

ಹುಡುಗರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಹೂಂ ಎಂದರೆ ಪಡಸಾಲೆ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಹೂಂ ಎನ್ನಲು ನನ್ನ ನಾಲಿಗೆ ಅರ್ಧ ಎದ್ದಿತ್ತು.

ಅತ್ತೆ ಬಿಚ್ಚಿದ ಕೌದಿಯ ದಾರಗಳನ್ನು ಒಂದೊಂದಾಗಿ ಆರಿಸಿ ಮುದ್ದೆ ಮಾಡುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

"ತಮ್ಮಾ, ಕೈ ತಪ್ಪಿಸಿದಾವ ದೇವರು ಅಂದ್ರ, ಅವತ್ತ ನಿಮ್ಮಪ್ಪ ಲಾಳೀಲೆ ಹೊಡದದ್ದು ಯಾರಿಗಿ?"

ಭಾವ ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು. ಗೆಳೆಯರಲ್ಲೊಬ್ಬರು ಫೋಟೋದಿಂದ ಕಣ್ಣು ತೆಗೆದು ಕಿಟಕಿಯ ಕಡೆ ನೋಡಿದರು. ಹೆಡ್‌ಮಾಸ್ತರರು ಸ್ಕೂಟರಿನ ಚಾವಿ ಹುಡುಕತೊಡಗಿದರು, ಅದು ಅವರ ಕೈಯಲ್ಲೇ ಇತ್ತು. ನನ್ನ ಗಂಡ ಪೇಪರು ಮಡಚಿ ಪಕ್ಕಕ್ಕೆ ಇಟ್ಟು, ಎದ್ದು ಹೋಗಿ ತಮ್ಮ ತಾಯಿಯ ಹತ್ತಿರ ನೆಲದ ಮೇಲೆ ಕೂತರು.

ನಾನು ಷರತ್ತಿಗೆ ಹೂಂ ಅನ್ನಲಿಲ್ಲ, ಮತ್ತೆ ಯಾರೂ ಕೇಳಲೂ ಇಲ್ಲ. ಮುಂದಿನ ರವಿವಾರ ಹುಡುಗರು ಬಂದಾಗ ಪಡಸಾಲೆ ಖಾಲಿ ಇತ್ತು, ಫೋಟೋ ಇದ್ದಲ್ಲೇ ಇತ್ತು. ಅದರ ಕೆಳಗಿನ ಬರಹವನ್ನು ಭಾವ ಕಿತ್ತಿದ್ದರು, ಬಿಸಿನೀರು ಹಚ್ಚಿ ತಿಕ್ಕಿದರೂ ಗೋಂದಿನ ಕಲೆ ಹೋಗಿರಲಿಲ್ಲ. ಆ ಕಲೆ ಯಾತರದು ಎಂದು ಒಬ್ಬಳು ಕೇಳಿದಳು. ನಾನು ಕೆಮ್ಮದೆ ಹೇಳಿದೆ.